ಎಂಜಿನ್ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಎಳೆಯುತ್ತದೆ? ಮನೆಯಲ್ಲೇ ಅಂದಾಜು ಮಾಡುವ ಬಗೆ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಹತ್ತಿರ ಬರುವಷ್ಟರಲ್ಲಿ ಕಾರು ಯಾಕೋ ಚುರುಕಾದಂತೆ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಓವರ್‌ಟೇಕ್ ಮಾಡಲು ಗೇರ್ ಇಳಿಸಲೇಬೇಕಾಗಿದ್ದ ಕಡೆ ಇಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು. "ಕೆಳಗಡೆ ಗಾಳಿಗೆ ಗಾಡಿ ಚೆನ್ನಾಗಿ ಎಳೆಯುತ್ತೆ ಸಾರ್" ಎಂದು ಗ್ಯಾರೇಜಿನವರು ಹೇಳುವ ಮಾತು ಭ್ರಮೆಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿ ಗಾಳಿಯೇ ತೆಳು. ಅದೇ ಎಂಜಿನ್, ಅದೇ ಆರ್‌ಪಿಎಂ, ಪೂರ್ತಿ ತುಳಿದ ಪೆಡಲ್ ಎಂದಿಟ್ಟುಕೊಂಡರೂ ಮಂಗಳೂರಿನಲ್ಲಿ ಸಿಲಿಂಡರಿಗೆ ಹೋಗುವ ಗಾಳಿ ಹತ್ತು ಹನ್ನೊಂದು ಶೇಕಡಾ ಹೆಚ್ಚು.

ಈ ಹನ್ನೊಂದು ಶೇಕಡಾ ಎಲ್ಲಿಂದ ಬಂತು ಎಂದು ನಿಮ್ಮದೇ ಕಾರಿನಲ್ಲಿ ಲೆಕ್ಕ ಹಾಕಬಹುದು. ಬೇಕಾಗುವುದು ಒಂದು ಓಬಿಡಿ ಡಾಂಗಲ್ (ಕಾರಿನ ಸೆನ್ಸರ್ ಅಂಕಿಗಳನ್ನು ಫೋನಿಗೆ ಕಳಿಸುವ ಸಣ್ಣ ಸಾಧನ), ಒಂದು ಫೋನು, ಪಿಯುಸಿಯಲ್ಲಿ ಓದಿ ಮರೆತ ಒಂದು ಅನಿಲ ಸೂತ್ರ. ಸೂತ್ರ ಸುಲಭ, ಹತ್ತು ನಿಮಿಷದ ಕೆಲಸ. ಆ ಸೂತ್ರದೊಳಗೆ ಒಂದು ಅಂಕಿ ಮಾತ್ರ ಊಹೆಯದು, ಮತ್ತು ಉತ್ತರ ಸರಿಯೋ ತಪ್ಪೋ ಎನ್ನುವುದು ಪೂರ್ತಿ ಅದರ ಮೇಲೆಯೇ ನಿಂತಿದೆ. ಹಾಗಾಗಿ ಈ ಬರಹದಲ್ಲಿ ಸೂತ್ರಕ್ಕಿಂತ ಆ ಅಂಕಿಯ ಬೆನ್ನು ಹತ್ತುವುದಕ್ಕೇ ಹೆಚ್ಚು ಜಾಗ.

ಗಾಳಿಯನ್ನು ಕಾರು ತಿಳಿದುಕೊಳ್ಳುವ ಎರಡು ದಾರಿ

ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಎಷ್ಟು ಪೆಟ್ರೋಲ್ ಸಿಂಪಡಿಸಬೇಕು ಎಂದು ಗೊತ್ತಾಗಬೇಕಾದರೆ ಮೊದಲು ಎಷ್ಟು ಗಾಳಿ ಬಂತು ಎಂದು ಗೊತ್ತಾಗಬೇಕು. ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಯ ನಂತರದ ಕೊಳವೆಯಲ್ಲಿ ಮಾಫ್ (ಮಾಸ್ ಏರ್ ಫ್ಲೋ) ಸೆನ್ಸರ್ ಕೂತಿರುತ್ತದೆ. ಅದರೊಳಗಿನ ಸಣ್ಣ ತಂತಿ ಅಥವಾ ಪದರವನ್ನು ಗಾಳಿಗಿಂತ ಇಂತಿಷ್ಟು ಡಿಗ್ರಿ ಬಿಸಿಯಾಗಿಯೇ ಇಡಲಾಗುತ್ತದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ, ಬಿಸಿ ಕಾಯ್ದುಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ಎನ್ನುವುದರಿಂದ ಗಾಳಿಯ ತೂಕ ಸಿಗುತ್ತದೆ. ಇಲ್ಲಿ ಊರು, ಎತ್ತರ ಯಾವುದರ ಗೊಡವೆಯೂ ಇಲ್ಲ, ನೇರ ಗ್ರಾಂ ಲೆಕ್ಕ.

ಇನ್ನು ಕೆಲವು ಕಾರುಗಳಲ್ಲಿ ಮಾಫ್ ಇರುವುದಿಲ್ಲ. ಥ್ರಾಟಲ್ (ಪೆಡಲ್ ಒತ್ತಿದಂತೆ ತೆರೆಯುವ ಗಾಳಿಯ ಕವಾಟ) ದಾಟಿದ ಮೇಲೆ ಸಿಗುವ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಜೊತೆಗೆ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತವೆ, ಬಹಳ ಸಲ ಎರಡೂ ಒಂದೇ ಬಿಲ್ಲೆಯಲ್ಲಿ. ಒತ್ತಡ ಮತ್ತು ಉಷ್ಣತೆಯಿಂದ ಸಾಂದ್ರತೆ, ಆರ್‌ಪಿಎಂನಿಂದ ಗಾತ್ರ, ಎರಡನ್ನೂ ಗುಣಿಸಿದರೆ ತೂಕ. ಇದಕ್ಕೆ ಸ್ಪೀಡ್-ಡೆನ್ಸಿಟಿ ವಿಧಾನ ಎನ್ನುತ್ತಾರೆ. ನಾವು ಮಾಡಲಿರುವುದೂ ಇದೇ. ಮಾಫ್ ಇಲ್ಲದ ಕಾರಿನಲ್ಲಿ ಫೋನಿನ ಆ್ಯಪ್ ಮೈಲೇಜ್ ತೋರಿಸುತ್ತಿದ್ದರೆ ಅದು ಈ ಲೆಕ್ಕವನ್ನೇ ಹಿನ್ನೆಲೆಯಲ್ಲಿ ಮಾಡುತ್ತಿರುತ್ತದೆ. ಪರದೆಯ ಮೇಲೆ ಎರಡು ದಶಾಂಶ ಸ್ಥಾನದವರೆಗೆ ಹೊಳೆಯುವ ಆ ಅಂಕಿ ಅಳತೆಯಲ್ಲ, ಅಂದಾಜು.

ನಿಮ್ಮ ಕಾರು ಯಾವ ಬಗೆಯದು ಎಂದು ತಿಳಿಯಲು ಬಾನೆಟ್ ಎತ್ತಬೇಕಿಲ್ಲ. ಡಾಂಗಲ್ ಹಾಕಿ, ಆ್ಯಪಿನಲ್ಲಿ ಲಭ್ಯವಿರುವ ಸೆನ್ಸರ್ ಪಟ್ಟಿ ನೋಡಿ. ಮಾಸ್ ಏರ್ ಫ್ಲೋ ಇದ್ದು, ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ಸೊನ್ನೆಯಲ್ಲದ ಅಂಕಿ ಬಂದರೆ ಮಾಫ್ ಉಂಟು. ಮಾಫ್, ಮ್ಯಾಪ್ ಎರಡೂ ಇದ್ದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ, ಅಂದಾಜನ್ನು ಅಳತೆಯ ಪಕ್ಕದಲ್ಲೇ ಇಟ್ಟು ನೋಡಬಹುದು.

ಹಂತ 1: ಎಂಜಿನ್ ಚಾಲೂ ಮಾಡುವ ಮೊದಲೇ ಸೆನ್ಸರ್ ಪರೀಕ್ಷೆ

ಇದನ್ನು ಎಲ್ಲರೂ ಬಿಡುತ್ತಾರೆ, ಆಮೇಲೆ ಉತ್ತರ ಯಾಕೆ ಸರಿಹೋಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಮಾತ್ರ ಚಾಲೂ ಮಾಡಬೇಡಿ. ಆಗ ಮ್ಯಾನಿಫೋಲ್ಡಿನಲ್ಲಿರುವುದು ಹೊರಗಿನ ಗಾಳಿಯೇ. ಹಾಗಾಗಿ ಮ್ಯಾಪ್ ಸೆನ್ಸರ್ ನಿಮ್ಮ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಮಂಗಳೂರು, ಕಾರವಾರದಲ್ಲಿ 101 ಕಿಲೋಪಾಸ್ಕಲ್ ಆಸುಪಾಸು, ಮೈಸೂರಿನಲ್ಲಿ 92-93, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88-89. ಮುಳ್ಳಯ್ಯನಗಿರಿಯ ನೆತ್ತಿ 1930 ಮೀಟರ್, ಅಲ್ಲಿ 80ರ ಹತ್ತಿರ. ಒಂದೆರಡು ಕಿಲೋಪಾಸ್ಕಲ್ ಹೆಚ್ಚುಕಡಿಮೆ ಆದರೆ ಚಿಂತೆಯಿಲ್ಲ. ಐದಾರು ವ್ಯತ್ಯಾಸ ಬಂದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಿ.

ಹೋಲಿಸಿ ನೋಡಲು ಫೋನಿನ ಹವಾಮಾನ ಆ್ಯಪ್ ತೆರೆದರೆ ಮೋಸ ಹೋಗುತ್ತೀರಿ. ನಾನೂ ಹೋಗಿದ್ದೆ. ಬೆಂಗಳೂರಿನಲ್ಲಿ ಕೂತು ನೋಡಿದರೆ ಅದು 1012 ಹೆಕ್ಟೋಪಾಸ್ಕಲ್, ಅಂದರೆ 101 ಕಿಲೋಪಾಸ್ಕಲ್ ಎನ್ನುತ್ತದೆ. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸುವುದಕ್ಕಾಗಿ ಹವಾಮಾನದವರು ಒತ್ತಡವನ್ನು ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ರೂಢಿ ಇದೆ, ಆ ಅಂಕಿ ಅದು. ನಿಮ್ಮ ಎಂಜಿನ್‌ಗೆ ಸಿಗುವ ಗಾಳಿ ಅದಲ್ಲ. ಕಾರಿನ ಮ್ಯಾಪ್ 91 ತೋರಿಸುತ್ತಿದ್ದರೆ ಕಾರೇ ಸರಿ.

ಅದೇ ಹೊತ್ತಿಗೆ ಇನ್ನೊಂದು ನೋಡಿ. ತಣ್ಣಗಿರುವ ಕಾರಿನಲ್ಲಿ ಒಳಬರುವ ಗಾಳಿಯ ಉಷ್ಣತೆ ಮತ್ತು ಕೂಲೆಂಟ್ ಉಷ್ಣತೆ ಎರಡೂ ಹತ್ತಿರ ಹತ್ತಿರ ಇರಬೇಕು, ಎರಡೂ ಹೊರಗಿನ ಬೆಳಗಿನ ಚಳಿಗೆ ಸಮ ಇರಬೇಕು. ಒಂದು 22, ಇನ್ನೊಂದು 35 ಎಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಹಂತ 2: ಮೂರು ಅಂಕಿಗಳನ್ನು ಓದುವುದು

ಬೇಕಾಗುವ ಅಂಕಿಗಳು ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ, ಒಳಬರುವ ಗಾಳಿಯ ಉಷ್ಣತೆ. ಆ್ಯಪ್ ಇವನ್ನು ನೇರವಾಗಿ ತೋರಿಸುತ್ತದೆ, ಸುಮ್ಮನೆ ಓದಿಕೊಳ್ಳುವವರು ಮುಂದಿನ ಪ್ಯಾರಾ ಬಿಟ್ಟರೂ ನಡೆಯುತ್ತದೆ.

ಸ್ವಂತ ಪ್ರೋಗ್ರಾಂ ಬರೆಯುವವರಿಗೆ: ಡಾಂಗಲ್‌ಗೆ 010ಸಿ ಎಂದು ಕಳಿಸಿದರೆ ಆರ್‌ಪಿಎಂ, 010ಬಿ ಒತ್ತಡ, 010ಎಫ್ ಉಷ್ಣತೆ. ಉತ್ತರ ಬರುವುದು ಹದಿನಾರರ ಎಣಿಕೆಯಲ್ಲಿ. ಆರ್‌ಪಿಎಂಗೆ 41 0ಸಿ 25 80 ಎಂದು ಬಂದರೆ ಕೊನೆಯ ಎರಡು ಬೈಟ್ ತೆಗೆದುಕೊಳ್ಳಿ. 25 ಎಂದರೆ ದಶಮಾನದಲ್ಲಿ 37, 80 ಎಂದರೆ 128. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಿದರೆ 2400. ಒತ್ತಡದ ಬೈಟ್ ಹಾಗೆಯೇ ಕಿಲೋಪಾಸ್ಕಲ್: 32 ಬಂದರೆ 50. ಉಷ್ಣತೆಯಿಂದ 40 ಕಳೆಯಬೇಕು: 52 ಬಂದರೆ 82, ಅದರಿಂದ 40 ಕಳೆದು 42 ಡಿಗ್ರಿ. ಮಾಫ್ ಇರುವ ಕಾರಿನಲ್ಲಿ 0110 ಕೇಳಿ, ಬಂದ ಎರಡು ಬೈಟ್‌ಗಳನ್ನು ಮೇಲಿನಂತೆಯೇ ಜೋಡಿಸಿ 100ರಿಂದ ಭಾಗಿಸಿದರೆ ಗ್ರಾಂ ಪ್ರತಿ ಸೆಕೆಂಡ್.

ಡಾಂಗಲ್ ಈ ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳುತ್ತದೆ ಎನ್ನುವುದು ನೆನಪಿರಲಿ. ಅಗ್ಗದ ಬ್ಲೂಟೂತ್ ಡಾಂಗಲ್ ಆದರೆ ಆರ್‌ಪಿಎಂ ಕೇಳಿದ ಕ್ಷಣಕ್ಕೂ ಒತ್ತಡ ಕೇಳಿದ ಕ್ಷಣಕ್ಕೂ ಗಮನಕ್ಕೆ ಬರುವಷ್ಟು ಅಂತರ. ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಪರವಾಗಿಲ್ಲ. ಸಿಗ್ನಲ್ ಬಿಟ್ಟ ತಕ್ಷಣ ಒತ್ತಿದಾಗ ಮಾತ್ರ ಹಳೆಯ ಆರ್‌ಪಿಎಂಗೆ ಹೊಸ ಒತ್ತಡ ಸೇರಿ ಅಂಕಿ ಅಡ್ಡಾದಿಡ್ಡಿ. ಕ್ಯಾನ್ ಎಂಬ ಸಂಪರ್ಕ ಜಾಲ ಇರುವ ಕಾರುಗಳಲ್ಲಿ ಒಂದೇ ವಿನಂತಿಯಲ್ಲಿ ಆರು ಅಂಕಿಗಳವರೆಗೆ ಕೇಳಬಹುದು, ಡಾಂಗಲ್ ಒಪ್ಪಿದರೆ ಹಾಗೆಯೇ ಮಾಡಿ. ಮತ್ತೆ, ಓಡಿಸುವವರು ಓಡಿಸಲಿ, ಫೋನ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದು.

ಹಂತ 3: ಸೂತ್ರ

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ. ಅಂದರೆ ಎರಡು ಸುತ್ತು ಮುಗಿಯುವಷ್ಟರಲ್ಲಿ ಎಂಜಿನ್ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಒಳಗೆ ತೆಗೆದುಕೊಳ್ಳಬೇಕು. ಆರ್‌ಪಿಎಂ ನಿಮಿಷದ ಲೆಕ್ಕ, ನಮಗೆ ಬೇಕಾದದ್ದು ಸೆಕೆಂಡಿನದು. ಆದ್ದರಿಂದ ಲೀಟರ್ ಗುಣಿಸು ಆರ್‌ಪಿಎಂ, ಭಾಗಿಸು 120.

ಇನ್ನು ಸಾಂದ್ರತೆ. ಒತ್ತಡವನ್ನು ಕಿಲೋಪಾಸ್ಕಲ್‌ನಲ್ಲಿ ತೆಗೆದುಕೊಂಡು 0.287 ಮತ್ತು ಕೆಲ್ವಿನ್ ಉಷ್ಣತೆಯ ಗುಣಲಬ್ಧದಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ಆ 0.287 ಒಣಗಾಳಿಯ ಅನಿಲ ಸ್ಥಿರಾಂಕ, ಸಾರ್ವತ್ರಿಕ ಸ್ಥಿರಾಂಕ 8.314ನ್ನು ಗಾಳಿಯ ಅಣುತೂಕ 28.97ರಿಂದ ಭಾಗಿಸಿದ್ದು. ಸೆಲ್ಸಿಯಸ್‌ಗೆ 273 ಸೇರಿಸಿದರೆ ಕೆಲ್ವಿನ್. ಮರೆತು ಸೆಲ್ಸಿಯಸ್ ಹಾಕಿದರೆ ನಿಮ್ಮ ಮಾರುತಿ ಫೈಟರ್ ವಿಮಾನದಷ್ಟು ಗಾಳಿ ಎಳೆಯುತ್ತದೆ.

120 ಮತ್ತು 0.287ನ್ನು ಗುಣಿಸಿಟ್ಟುಕೊಂಡರೆ 34.44. ಈಗ ಎಲ್ಲವೂ ಒಂದೇ ಸಾಲಿನಲ್ಲಿ (ವಿಇ ಎನ್ನುವುದೇ ಆ ಊಹೆಯ ಅಂಕಿ, ಅದರ ವಿವರ ಹಂತ 4ರಲ್ಲಿ):

ಗಾಳಿ (ಗ್ರಾಂ/ಸೆಕೆಂಡ್) = ಲೀಟರ್ × ಆರ್‌ಪಿಎಂ × ಕಿಲೋಪಾಸ್ಕಲ್ × ವಿಇ ÷ (34.44 × ಕೆಲ್ವಿನ್)

ಉದಾಹರಣೆಗೆ 1197 ಸಿಸಿ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳೋಣ. ಸ್ವಿಫ್ಟ್, ಐ20 ಮೊದಲಾಗಿ ನಮ್ಮ ರಸ್ತೆಯ ಎಷ್ಟೋ ಸಣ್ಣ ಕಾರುಗಳಲ್ಲಿ ಇದೇ ಗಾತ್ರ ಬಂದಿದೆ. 1200 ಸಿಸಿ ಒಳಗಿನ ಸಣ್ಣ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ, ಗೆರೆಗೆ ತಾಗಿದಂತೆ ನಿಂತಿರುವ ಈ ಅಂಕಿಯ ಗುಟ್ಟು ಅದು.

ಎಂಜಿನ್ ಬಿಸಿಯಾಗಿ, ಎಸಿ ಆಫ್ ಇದ್ದು, ಐಡಲ್‌ನಲ್ಲಿ ನಿಂತಿದೆ: 750 ಆರ್‌ಪಿಎಂ, 35 ಕಿಲೋಪಾಸ್ಕಲ್, ಗಾಳಿ 45 ಡಿಗ್ರಿ, ಅಂದರೆ 318 ಕೆಲ್ವಿನ್. ವಿಇ ಸದ್ಯಕ್ಕೆ 0.65 ಎಂದಿಟ್ಟುಕೊಳ್ಳಿ. 1.197 × 750 × 35 × 0.65 ಸುಮಾರು 20,424. ಅದನ್ನು 34.44 × 318, ಅಂದರೆ 10,952ರಿಂದ ಭಾಗಿಸಿದರೆ 1.86 ಗ್ರಾಂ ಪ್ರತಿ ಸೆಕೆಂಡ್.

ಹೆದ್ದಾರಿಯಲ್ಲಿ ಐದನೇ ಗೇರ್, 80 ಕಿಲೋಮೀಟರ್ ವೇಗ: 2400 ಆರ್‌ಪಿಎಂ, 50 ಕಿಲೋಪಾಸ್ಕಲ್, 42 ಡಿಗ್ರಿ, ವಿಇ 0.80. ಉತ್ತರ 10.6 ಗ್ರಾಂ.

ಈಗ ಘಾಟಿಯ ಪ್ರಶ್ನೆ. ಪೆಡಲ್ ಪೂರ್ತಿ ತುಳಿದು 4000 ಆರ್‌ಪಿಎಂ, ಗಾಳಿ 40 ಡಿಗ್ರಿ, ವಿಇ 0.95. ಬೆಂಗಳೂರಿನಲ್ಲಿ ಮ್ಯಾನಿಫೋಲ್ಡ್ ಒತ್ತಡ 89 ಇದ್ದರೆ 37.6 ಗ್ರಾಂ. ಮಂಗಳೂರಿನಲ್ಲಿ 99 ಇದ್ದರೆ 41.8. ಬರಹದ ಮೊದಲಲ್ಲಿ ಹೇಳಿದ ಹನ್ನೊಂದು ಶೇಕಡಾ ಇಲ್ಲಿದೆ.

ಪೆಡಲ್ ಪೂರ್ತಿ ತುಳಿದಾಗಿನ ಅಂಕಿ ಸರಿಯಿದೆಯೇ ಎಂದು ನೋಡಲು ಒಂದು ಒರಟು ಅಳತೆಗೋಲು ಉಂಟು. ಪೆಟ್ರೋಲ್ ಎಂಜಿನ್ ಸೆಕೆಂಡಿಗೆ ಒಂದು ಗ್ರಾಂ ಗಾಳಿಯಿಂದ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಶಕ್ತಿ ತೆಗೆಯುತ್ತದೆ. 61 ಕಿಲೋವ್ಯಾಟ್ ಎಂಜಿನ್‌ಗೆ ನಿಮ್ಮ ಲೆಕ್ಕ ಗರಿಷ್ಠ 110 ಗ್ರಾಂ ಎಂದರೆ ಎಲ್ಲೋ ಎರಡರಿಂದ ಭಾಗಿಸಲು ಮರೆತಿದ್ದೀರಿ. ಎರಡು ಸುತ್ತಿಗೆ ಒಂದು ಸಲ ಎನ್ನುವುದು ಬಿಟ್ಟುಹೋಗುವುದು ಸಾಮಾನ್ಯ ತಪ್ಪು.

ಹಂತ 4: ವಿಇ, ಅಂದರೆ ಆ ಊಹೆಯ ಅಂಕಿ

ವಿಇ ಎಂದರೆ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ. ಕನ್ನಡದಲ್ಲಿ ತುಂಬುವಿಕೆಯ ಪ್ರಮಾಣ ಎನ್ನಬಹುದು. ಪಿಸ್ಟನ್ ಕೆಳಗಿಳಿದಾಗ ಆದ ಜಾಗಕ್ಕೆ ಮ್ಯಾನಿಫೋಲ್ಡಿನ ಗಾಳಿ ಅದೇ ಸಾಂದ್ರತೆಯಲ್ಲಿ ಪೂರ್ತಿ ತುಂಬಿದರೆ ವಿಇ 1. ಹಾಗೆ ತುಂಬುವುದು ಅಪರೂಪ.

ಯಾಕೆ ತುಂಬುವುದಿಲ್ಲ? ಹಿಂದಿನ ಸುತ್ತಿನ ಸುಟ್ಟ ಅನಿಲ ಸ್ವಲ್ಪ ಸಿಲಿಂಡರಿನ ತಲೆಯಲ್ಲೇ ಉಳಿದಿರುತ್ತದೆ, ಹೊರಗಿನ ಒತ್ತಡದಲ್ಲಿ. ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಡಿಮೆ ಇದ್ದಷ್ಟೂ ಈ ಹಳೆಯ ಅನಿಲ ಹಿಗ್ಗಿ ಹೆಚ್ಚು ಜಾಗ ಹಿಡಿಯುತ್ತದೆ. ತುಂಬಿದ ಬಸ್ಸಿನಿಂದ ಇಳಿಯಬೇಕಾದವರು ಇಳಿಯದೆ ನಿಂತರೆ ಹೊಸಬರು ಹತ್ತುವುದೆಲ್ಲಿ? ಐಡಲ್‌ನಲ್ಲಿ ವಿಇ ತೀರಾ ಕೆಳಗಿರುವುದು ಇದಕ್ಕೇ. ಜೊತೆಗೆ ಬಿಸಿ ವಾಲ್ವ್, ಬಿಸಿ ಪೋರ್ಟ್ ತಾಗಿ ಗಾಳಿ ಇನ್ನೂ ಕಾಯುತ್ತದೆ, ಸೆನ್ಸರ್‌ಗೆ ಅದು ಕಾಣುವುದಿಲ್ಲ. ಆರ್‌ಪಿಎಂ ಬಹಳ ಏರಿದರೆ ವಾಲ್ವ್ ತೆರೆದಿರುವ ಹೊತ್ತೇ ಸಾಲದು. ನಡುವೆ ಒಂದು ಕಡೆ, ಸಾಮಾನ್ಯವಾಗಿ ಟಾರ್ಕ್ ಗರಿಷ್ಠವಾಗುವ ಆರ್‌ಪಿಎಂ ಸುತ್ತ, ಕೊಳವೆಯಲ್ಲಿ ಓಡಿಬರುವ ಗಾಳಿಯ ರಭಸವೇ ಅದನ್ನು ಒಳಗೆ ತಳ್ಳಿ ವಿಇ 1ರ ಹತ್ತಿರ ಹೋಗುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಪಠ್ಯಪುಸ್ತಕಗಳಲ್ಲಿ ವಿಇಯನ್ನು ಬಹಳ ಸಲ ಹೊರಗಿನ ಗಾಳಿಯ ಸಾಂದ್ರತೆಗೆ ಹೋಲಿಸಿ ಕೊಟ್ಟಿರುತ್ತಾರೆ. ಆ ಲೆಕ್ಕದಲ್ಲಿ ಐಡಲ್‌ನಲ್ಲಿ ವಿಇ 0.25 ಎಂದೂ ಬರಬಹುದು, ಏಕೆಂದರೆ ಥ್ರಾಟಲ್ ಮಾಡಿದ ತಡೆಯೂ ಅದರೊಳಗೆ ಸೇರಿದೆ. ನಮ್ಮ ಸೂತ್ರದಲ್ಲಿ ಥ್ರಾಟಲ್ ಪ್ರಭಾವ ಮ್ಯಾಪ್ ಅಂಕಿಯಲ್ಲೇ ಬಂದಾಗಿದೆ. ಪುಸ್ತಕದ ಅಂಕಿ ತಂದು ಇಲ್ಲಿ ಹಾಕಿದರೆ ಒಂದೇ ನಷ್ಟವನ್ನು ಎರಡು ಸಲ ಕಳೆದಂತೆ.

ಆ್ಯಪ್‌ಗಳು ಎಲ್ಲ ಹೊತ್ತಿಗೂ ಒಂದೇ ವಿಇ, 0.80 ಅಥವಾ 0.85, ಹಿಡಿದು ಕೂರುತ್ತವೆ. ಹೆದ್ದಾರಿಗೆ ಅದು ಸಾಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ಐಡಲ್ ನಿಲ್ಲುವವರಿಗೆ ಸಾಲದು, ಆ್ಯಪ್ ಹೆಚ್ಚು ಪೆಟ್ರೋಲ್ ಖರ್ಚು ತೋರಿಸುತ್ತದೆ. ಎಕ್ಸೆಲ್‌ನಲ್ಲಿ ಲೆಕ್ಕ ಮಾಡುವುದಾದರೆ ಮೂರು ಮಜಲು ಮಾಡಿಕೊಳ್ಳಿ: ಮ್ಯಾಪ್ 40ಕ್ಕಿಂತ ಕೆಳಗೆ 0.65, 40ರಿಂದ 65ರವರೆಗೆ 0.80, ಅದಕ್ಕೂ ಮೇಲೆ 0.90. ಇವು ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಎಂಜಿನ್‌ಗೆ ಶುರುಮಾಡಲು ಯೋಗ್ಯವಾದ ಅಂಕಿಗಳಷ್ಟೇ. ನಿಮ್ಮ ಕಾರಿನ ನಿಜವಾದ ಅಂಕಿ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ.

ಹಂತ 5: ಗಾಳಿಯಿಂದ ಪೆಟ್ರೋಲಿಗೆ

ಗಾಳಿಯನ್ನು ತೂಕ ಹಾಕಿ ನೋಡಲು ನಮ್ಮ ಹತ್ತಿರ ತಕ್ಕಡಿ ಇಲ್ಲ, ಪೆಟ್ರೋಲಿಗೆ ಉಂಟು. ಪೆಟ್ರೋಲ್ ಎಂಜಿನ್ ಮಾಮೂಲಿ ಓಟದಲ್ಲಿ ಗಾಳಿ ಮತ್ತು ಇಂಧನವನ್ನು ಒಂದೇ ಪ್ರಮಾಣದಲ್ಲಿ ಇಡುತ್ತದೆ, ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ಅದನ್ನು ಕಾಯುತ್ತಿರುತ್ತದೆ. ಹಾಗಾಗಿ ಒಂದು ಗೊತ್ತಾದರೆ ಇನ್ನೊಂದು ಗೊತ್ತಾಯಿತು.

ಆ ಪ್ರಮಾಣ 14.7 ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಶುದ್ಧ ಪೆಟ್ರೋಲಿಗೆ. ನಮ್ಮಲ್ಲಿ ಈಗ ಬಂಕಿನಲ್ಲಿ ಸಿಗುತ್ತಿರುವುದು 20 ಶೇಕಡಾ ಎಥನಾಲ್ ಬೆರೆಸಿದ ಇ20, 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲೇ ಅದಕ್ಕೆ ಚಾಲನೆ ಸಿಕ್ಕಿದ್ದು. ಎಥನಾಲ್ ತನ್ನೊಳಗೇ ಆಕ್ಸಿಜನ್ ಇಟ್ಟುಕೊಂಡಿರುವುದರಿಂದ ಅದಕ್ಕೆ 9 ಪಾಲು ಗಾಳಿ ಸಾಕು. ಗಾತ್ರದಲ್ಲಿ 20 ಎಂದರೆ ತೂಕದಲ್ಲಿ ಸುಮಾರು 21 ಶೇಕಡಾ. ಬೆರಕೆಯ ಪ್ರಮಾಣ ಲೆಕ್ಕ ಹಾಕಿದರೆ 13.5, ಸಾಂದ್ರತೆ ಲೀಟರಿಗೆ ಸುಮಾರು 754 ಗ್ರಾಂ. ಆ್ಯಪಿನಲ್ಲಿ 14.7 ಹಾಗೆಯೇ ಬಿಟ್ಟರೆ ನಿಮ್ಮ ಖರ್ಚು ಏಳೆಂಟು ಶೇಕಡಾ ಕಡಿಮೆ ಕಾಣುತ್ತದೆ, ಮೈಲೇಜ್ ಚಂದ ಕಾಣುತ್ತದೆ, ಬಂಕಿನ ಬಿಲ್ ಮಾತ್ರ ಬೇರೆ ಹೇಳುತ್ತದೆ.

754ನ್ನು 13.5ರಿಂದ ಗುಣಿಸಿ ನೋಡಿ: ಒಂದು ಲೀಟರ್ ಇ20 ಸುಡಲು ಹತ್ತಿರ ಹತ್ತಿರ 10.2 ಕೆಜಿ ಗಾಳಿ ಬೇಕು. ಬೆಂಗಳೂರಿನ 25 ಡಿಗ್ರಿ ಗಾಳಿಯಾದರೆ ಒಂಬತ್ತೂವರೆ ಸಾವಿರ ಲೀಟರ್! ನೀರು ಟ್ಯಾಂಕರಿನ ಒಂದೂವರೆ ಲೋಡಿನಷ್ಟು.

ಹೆದ್ದಾರಿ ಉದಾಹರಣೆಯ 10.6 ಗ್ರಾಂ ಗಾಳಿಯನ್ನು 13.5ರಿಂದ ಭಾಗಿಸಿದರೆ ಸೆಕೆಂಡಿಗೆ 0.785 ಗ್ರಾಂ ಇಂಧನ, ಗಂಟೆಗೆ ಸುಮಾರು 3.75 ಲೀಟರ್. ಗಂಟೆಗೆ 80 ಕಿಲೋಮೀಟರ್ ಎಂದರೆ ಲೀಟರಿಗೆ 21. ಐಡಲ್‌ನ 1.86 ಗ್ರಾಂ ಗಂಟೆಗೆ 0.66 ಲೀಟರ್ ಆಗುತ್ತದೆ. ಎರಡೂ ನಂಬುವಂಥ ಅಂಕಿಗಳು.

ಎರಡು ಕಡೆ ಈ ಪ್ರಮಾಣ ಮುರಿಯುತ್ತದೆ. ಪೆಡಲ್ ಪೂರ್ತಿ ತುಳಿದಾಗ ಇಸಿಯು ಬೇಕೆಂದೇ ಹೆಚ್ಚು ಇಂಧನ ಸುರಿಯುತ್ತದೆ, ಆದರೆ ನಾವು ಹಾಗೆ ತುಳಿಯುವ ಹೊತ್ತು ಕಡಿಮೆ. ಇನ್ನೊಂದು ದೊಡ್ಡದು. ಘಾಟಿ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೂರ್ತಿ ಬಂದ್. ಎಂಜಿನ್ ಮಾತ್ರ ಚಕ್ರದ ಬಲಕ್ಕೆ ತಿರುಗುತ್ತಾ ಗಾಳಿ ಎಳೆಯುತ್ತಲೇ ಇರುತ್ತದೆ. 2500 ಆರ್‌ಪಿಎಂ, 25 ಕಿಲೋಪಾಸ್ಕಲ್ ಇದ್ದರೆ ಸೂತ್ರ ಸೆಕೆಂಡಿಗೆ ನಾಲ್ಕೂವರೆ ಗ್ರಾಂ ಗಾಳಿ ಎನ್ನುತ್ತದೆ, ಅದು ಸರಿ. ಆದರೆ ಅದನ್ನು 13.5ರಿಂದ ಭಾಗಿಸಿ ಗಂಟೆಗೆ ಒಂದೂವರೆ ಲೀಟರಿಗೂ ಹೆಚ್ಚು ಪೆಟ್ರೋಲ್ ಹೋಯಿತು ಎಂದರೆ ಶುದ್ಧ ತಪ್ಪು. ಥ್ರಾಟಲ್ ಮುಚ್ಚಿದ್ದು, ಆರ್‌ಪಿಎಂ 1500ಕ್ಕಿಂತ ಮೇಲಿದ್ದು, ಮ್ಯಾಪ್ ಐಡಲ್‌ಗಿಂತಲೂ ಕೆಳಗಿರುವ ಎಕ್ಸೆಲ್ ಸಾಲುಗಳಲ್ಲಿ ಇಂಧನ ಸೊನ್ನೆ ಎಂದು ಹಾಕಿ. ಆ ಸಾಲಿನ ಗಾಳಿಯನ್ನು ಮುಂದಿನ ಹಂತದ ಮೊತ್ತದಿಂದಲೂ ಹೊರಗಿಡಿ.

ಹಂತ 6: ಬಂಕಿನಲ್ಲಿ ತಿದ್ದುವುದು

ಫುಲ್ ಟ್ಯಾಂಕ್ ಮಾಡಿಸಿ, ಮೊದಲ ಆಟೋ ಕಟ್‌ಗೆ ನಿಲ್ಲಿಸಲು ಹೇಳಿ. "ಇನ್ನೊಂದು ಸ್ವಲ್ಪ ಹಾಕ್ಲಾ ಸಾರ್, ರೌಂಡ್ ಫಿಗರ್ ಮಾಡ್ತೀನಿ" ಎಂದರೆ ಒಪ್ಪಬೇಡಿ. ಆಮೇಲೆ ಪ್ರತಿ ಓಟವನ್ನೂ ಬಿಡದೆ ಲಾಗ್ ಮಾಡಿ. ಹಾಲು ತರಲು ಹೋದ ಅರ್ಧ ಕಿಲೋಮೀಟರ್ ಕೂಡ. ಕನಿಷ್ಠ 20 ಲೀಟರ್ ಖರ್ಚಾದ ಮೇಲೆ ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಮತ್ತೆ ಮೊದಲ ಆಟೋ ಕಟ್‌ವರೆಗೆ ತುಂಬಿಸಿ. ಆಟೋ ಕಟ್ ಅರ್ಧ ಲೀಟರ್ ಹಿಂದೆಮುಂದೆ ಆಗುವುದುಂಟು. 5 ಲೀಟರಿನಲ್ಲಿ ಅದು ಹತ್ತು ಶೇಕಡಾ ತಪ್ಪು, 20 ಲೀಟರಿನಲ್ಲಿ ಎರಡೂವರೆ.

ಲಾಗಿನ ಪ್ರತಿ ಸಾಲಿನ ಗಾಳಿಯನ್ನು ಆ ಸಾಲಿನಿಂದ ಮುಂದಿನ ಸಾಲಿಗೆ ಇರುವ ಸೆಕೆಂಡುಗಳಿಂದ ಗುಣಿಸಿ ಕೂಡಿಸಿದರೆ ಒಟ್ಟು ಗಾಳಿ. ಅದು 205 ಕೆಜಿ ಬಂತು ಎಂದುಕೊಳ್ಳಿ. ಅದನ್ನು 10.18ರಿಂದ (ಒಂದು ಲೀಟರಿಗೆ ಬೇಕಾದ ಗಾಳಿ, ಕೆಜಿಯಲ್ಲಿ) ಭಾಗಿಸಿದರೆ 20.1 ಲೀಟರ್. ಬಂಕಿನಲ್ಲಿ ಹಿಡಿಸಿದ್ದು 21.9. ಅನುಪಾತ 1.09. ಅಂದರೆ ನಿಮ್ಮ ವಿಇ ಒಂಬತ್ತು ಶೇಕಡಾ ಕಡಿಮೆ ಇತ್ತು. 0.65 ಇದ್ದದ್ದು 0.71, 0.80 ಇದ್ದದ್ದು 0.87, 0.90 ಇದ್ದದ್ದು 0.98 ಮಾಡಿ.

ಒಂದೇ ಅನುಪಾತದಿಂದ ಮೂರನ್ನೂ ಎಳೆಯುವುದು ಒರಟು ಕೆಲಸವೇ. ಇನ್ನೂ ನಯ ಬೇಕೆಂದರೆ ಒಂದು ಟ್ಯಾಂಕ್ ಬರೀ ಊರೊಳಗೆ, ಇನ್ನೊಂದು ಬರೀ ಹೆದ್ದಾರಿಯಲ್ಲಿ ಓಡಿಸಿ. ಹೆದ್ದಾರಿ ಟ್ಯಾಂಕಿನಿಂದ ನಡುವಿನ ಮಜಲನ್ನು ಗಟ್ಟಿ ಮಾಡಿಕೊಳ್ಳಿ, ಊರಿನ ಟ್ಯಾಂಕಿನಿಂದ ಕೆಳಗಿನದನ್ನು. ಮೇಲಿನ ಮಜಲಿನಲ್ಲಿ ಕಾರು ಇರುವುದೇ ಅಪರೂಪ, ಅಲ್ಲಿ ನಾಲ್ಕು ಶೇಕಡಾ ತಪ್ಪಿದರೂ ಒಟ್ಟು ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ನನ್ನ ಅನುಭವದಲ್ಲಿ ಎರಡು ಮೂರು ಟ್ಯಾಂಕ್ ಆದ ಮೇಲೆ ಅಂದಾಜು ಬಂಕಿನ ಬಿಲ್ಲಿಗೆ ಮೂರು ಶೇಕಡಾ ಒಳಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ನಿಖರತೆ ಬಯಸುವುದು ಆಟೋ ಕಟ್ ನಳಿಕೆಯ ಮೇಲೆ ಅತಿ ನಂಬಿಕೆ ಇಟ್ಟಂತೆ.

ಎಲ್ಲಿ ಈ ಲೆಕ್ಕ ಕೈಕೊಡುತ್ತದೆ

ಡೀಸೆಲ್ ಕಾರಿನಲ್ಲಿ ಗಾಳಿಯಿಂದ ಇಂಧನ ಕಂಡುಹಿಡಿಯಲು ಹೋಗಲೇಬೇಡಿ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಯುತ್ತದೆ, ಪ್ರಮಾಣ ಕ್ಷಣಕ್ಷಣಕ್ಕೂ ಬೇರೆ. ಅದರ ಮೇಲೆ ಇಜಿಆರ್ ಸುಟ್ಟ ಹೊಗೆಯನ್ನೇ ಮತ್ತೆ ಮ್ಯಾನಿಫೋಲ್ಡಿಗೆ ಬಿಡುತ್ತದೆ. ಮ್ಯಾಪ್ ಸೆನ್ಸರ್‌ಗೆ ಹೊಸ ಗಾಳಿ ಯಾವುದು, ಹಳೆ ಹೊಗೆ ಯಾವುದು ಗೊತ್ತಿಲ್ಲ, ಎರಡೂ ಒತ್ತಡವೇ. ಕಾಮನ್ ರೇಲ್ ಡೀಸೆಲ್‌ಗಳಲ್ಲಿ ಮಾಫ್ ಸೆನ್ಸರ್ ಸಾಮಾನ್ಯವಾಗಿ ಇರುವುದಕ್ಕೆ ಇದೇ ಕಾರಣ.

ಸಿಎನ್‌ಜಿ ಕಾರಿನಲ್ಲಿ ಅನಿಲವೂ ಗಾಳಿಯ ಜಾಗದಲ್ಲೇ ಪಾಲು ಕೇಳುತ್ತದೆ. ಮಿಥೇನ್ ಒಂದು ಪಾಲಿಗೆ ಗಾಳಿ ಒಂಬತ್ತೂವರೆ ಪಾಲು, ಅಂದರೆ ಸಿಲಿಂಡರಿಗೆ ಹೋಗುವುದರಲ್ಲಿ 9.5 ಶೇಕಡಾ ಸಿಎನ್‌ಜಿಯೇ. ಸೂತ್ರದ ಉತ್ತರವನ್ನು 0.905ರಿಂದ ಗುಣಿಸಿ. ಸಿಎನ್‌ಜಿಯಲ್ಲಿ ಎಳೆತ ಕಡಿಮೆ ಎಂದು ಟ್ಯಾಕ್ಸಿಯವರು ಗೊಣಗುವುದರ ಮೂಲವೂ ಬಹುಪಾಲು ಇಲ್ಲೇ.

ಒಂದು ಸಿಲಿಂಡರ್ ಬೈಕಿನಲ್ಲಿ ಮ್ಯಾನಿಫೋಲ್ಡ್ ಒತ್ತಡ ಪ್ರತಿ ಎಳೆತಕ್ಕೂ ಮೇಲೆ ಕೆಳಗೆ ಹಾರುತ್ತದೆ, ಸರಾಸರಿ ಅಂಕಿಗೆ ಅರ್ಥವೇ ಕಡಿಮೆ.

ಟ್ರಾಫಿಕ್ಕಿನಲ್ಲಿ ನಿಂತಾಗ ಸೆನ್ಸರ್ ಬಿಲ್ಲೆಯೇ ಎಂಜಿನ್ ಶಾಖಕ್ಕೆ ಕಾದು 55-60 ಡಿಗ್ರಿ ತೋರಿಸುತ್ತದೆ, ಹೊರಗೆ 30 ಇದ್ದರೂ. ಹತ್ತು ಡಿಗ್ರಿ ತಪ್ಪಿಗೆ ಗಾಳಿಯ ಲೆಕ್ಕ ಮೂರು ಶೇಕಡಾ ತಪ್ಪುತ್ತದೆ. ಎರಡು ಕಿಲೋಮೀಟರ್ ಓಡಿದ ಮೇಲಿನ ಅಂಕಿ ನಂಬಿ.

ಕರಾವಳಿಯವರಿಗೆ ಇನ್ನೊಂದು. 32 ಡಿಗ್ರಿ, 80 ಶೇಕಡಾ ತೇವಾಂಶ ಇರುವ ದಿನ ಗಾಳಿಯ ಒತ್ತಡದಲ್ಲಿ ಸುಮಾರು 3.8 ಕಿಲೋಪಾಸ್ಕಲ್ ಬರೀ ನೀರಾವಿಯದು. ಸೂತ್ರ ಅದನ್ನೂ ಒಣಗಾಳಿ ಎಂದೇ ಎಣಿಸುತ್ತದೆ. ಘಾಟಿ ಇಳಿದು ಗಳಿಸಿದ ಹನ್ನೊಂದು ಶೇಕಡಾದಲ್ಲಿ ಸ್ವಲ್ಪ ಭಾಗ ಹೀಗೆ ಆವಿಯಾಗಿ ಹೋಗುತ್ತದೆ.

ಈ ಅಂಕಿ ಇಟ್ಟುಕೊಂಡು ಏನು ಮಾಡುವುದು

ಮೊದಲನೆಯದು ಏರ್ ಫಿಲ್ಟರ್ ಪರೀಕ್ಷೆ. ಖಾಲಿ ಏರುರಸ್ತೆಯಲ್ಲಿ ಎರಡನೇ ಅಥವಾ ಮೂರನೇ ಗೇರಿನಲ್ಲಿ ಕೆಲವೇ ಸೆಕೆಂಡು ಪೂರ್ತಿ ತುಳಿದು, 4000 ಆರ್‌ಪಿಎಂ ಹೊತ್ತಿನ ಮ್ಯಾಪ್ ನೋಡಿಸಿ. ಬೆಳಿಗ್ಗೆ ಎಂಜಿನ್ ಆಫ್ ಇದ್ದಾಗ ನೋಡಿದ ಅಂಕಿಗಿಂತ ಎರಡರಿಂದ ನಾಲ್ಕು ಕಿಲೋಪಾಸ್ಕಲ್ ಕಡಿಮೆ ಇದ್ದರೆ ಸಹಜ. ಎಂಟು ಹತ್ತು ಕಡಿಮೆಯಾದರೆ ದಾರಿಯಲ್ಲಿ ಏನೋ ಅಡ್ಡ ಇದೆ: ಫಿಲ್ಟರ್, ಇಲಿ ಕಟ್ಟಿದ ಗೂಡು, ಕೂತುಹೋದ ರಬ್ಬರ್ ಕೊಳವೆ. ಅಂದಹಾಗೆ, ಕೊಳೆ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳಿದರೆ ಇಂಜೆಕ್ಷನ್ ಪೆಟ್ರೋಲ್ ಕಾರಿನ ಮಟ್ಟಿಗೆ ಪೂರ್ತಿ ನಂಬಬೇಡಿ. ಫಿಲ್ಟರ್ ಕಟ್ಟಿಕೊಂಡರೆ ನೀವು ಪೆಡಲ್ ಸ್ವಲ್ಪ ಹೆಚ್ಚು ಒತ್ತುತ್ತೀರಿ, ಮ್ಯಾನಿಫೋಲ್ಡಿಗೆ ಬೇಕಾದಷ್ಟೇ ಗಾಳಿ ಬರುತ್ತದೆ, ಅಷ್ಟಕ್ಕೇ ಪೆಟ್ರೋಲ್. ಕಳೆದುಹೋಗುವುದು ಮೇಲ್ಭಾಗದ ಶಕ್ತಿ.

ಎರಡನೆಯದು ಮಾಫ್ ಇರುವ ಪೆಟ್ರೋಲ್ ಕಾರಿನವರಿಗೆ. ಸ್ಪೀಡ್-ಡೆನ್ಸಿಟಿ ಅಂದಾಜು ಮತ್ತು ಮಾಫ್ ಅಂಕಿ ಪಕ್ಕಪಕ್ಕ ಇಡಿ. ಹಿಂದೆ ಸರಿಹೊಂದುತ್ತಿದ್ದವು, ಈಗ ಎಲ್ಲ ವೇಗದಲ್ಲೂ ಮಾಫ್ ಹತ್ತು ಶೇಕಡಾ ಕಡಿಮೆ ಹೇಳುತ್ತಿದೆ, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಇಂಧನಕ್ಕೆ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ) ಕೂಡ ಹತ್ತರಷ್ಟು ಮೇಲೆ ಹೋಗಿದೆ ಎಂದರೆ ಸೆನ್ಸರ್ ತಂತಿಗೆ ಧೂಳು ಅಥವಾ ಎಣ್ಣೆ ಮೆತ್ತಿಕೊಂಡಿದೆ. ಮಾಫ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಲು ಬಿಡಿ, ಬಟ್ಟೆ ಅಥವಾ ಬ್ರಷ್ ಮುಟ್ಟಿಸಬೇಡಿ. ಐಡಲ್‌ನಲ್ಲಿ ಮಾತ್ರ ಟ್ರಿಮ್ ಮೇಲಿದ್ದು ಹೆದ್ದಾರಿಯಲ್ಲಿ ಸರಿಹೋದರೆ ಅದು ಮಾಫ್ ತಪ್ಪಲ್ಲ, ಥ್ರಾಟಲ್ ನಂತರ ಎಲ್ಲೋ ಕೊಳವೆ ಬಿರುಕುಬಿಟ್ಟು ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ.

ಟ್ರಿಮ್ ನಾಲ್ಕೈದು ಶೇಕಡಾ ಮಾತ್ರ ಮೇಲಿದ್ದರೆ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಕಾರು ಯಾವ ವರ್ಷದ್ದು ನೋಡಿ. ಇ10 ಪೆಟ್ರೋಲಿಗೆ ಹೊಂದಿಸಿದ ಕಾರಿಗೆ ಇ20 ಹಾಕಿದಾಗ ಇಸಿಯು ಸುಮಾರು ನಾಲ್ಕು ಶೇಕಡಾ ಹೆಚ್ಚು ಇಂಧನ ಸೇರಿಸಲೇಬೇಕು. ಅದು ಗಾಳಿಯ ಕಡೆಯ ದೋಷವಲ್ಲ, ಟ್ಯಾಂಕಿನಲ್ಲಿರುವುದರ ಗುಣ.